ಕೌದಿಯ ಮೂಲೆಯ ಹೂವು

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಕಾಡಂಚಿನ ಊರುಗಳಲ್ಲಿ ಸಿದ್ದಿ ಮಹಿಳೆಯರು ಹೊಲಿಯುವ ಕೌದಿಗೆ ಬರೆದಿಟ್ಟ ನಕ್ಷೆ ಇಲ್ಲ. ಹಳೆಯ ಸೀರೆಯೊಂದನ್ನು ಹಾಸಿ, ಹರಿದ ಅಂಗಿ, ಲುಂಗಿ, ಲಂಗಗಳ ತುಂಡುಗಳನ್ನು ಒಂದು ಮೂಲೆಯಿಂದ ಜೋಡಿಸುತ್ತ, ಅಂಚಿನಗುಂಟ ಸುತ್ತಿ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಪದರಗಳನ್ನು ಹಿಡಿದಿಡುವುದು ಕೈಹೊಲಿಗೆಯ ಸಾಲುಗಳು. ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ತ್ರಿಕೋನಗಳಿರುತ್ತವೆ. ಅದೇ ‘ಫುಲಾ’, ಅಂದರೆ ಹೂವು. ಹೂವಿಲ್ಲದ ಕೌದಿ ಬೆತ್ತಲೆ ಎಂಬುದು ಹೊಲಿಯುವವರ ನಂಬಿಕೆ.

ಸಿದ್ದಿಯರ ಪೂರ್ವಜರು ಆಫ್ರಿಕಾದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಆ ಬಂಧನದಿಂದ ತಪ್ಪಿಸಿಕೊಂಡವರಿಗೆ ಘಟ್ಟದ ಕಾಡು ಆಶ್ರಯ ನೀಡಿತು. ಹಿಂದೂ, ಕ್ರೈಸ್ತ, ಮುಸ್ಲಿಂ ಸಿದ್ದಿಯರು ಇಂದಿಗೂ ಈ ಒಂದೇ ಬಗೆಯ ಹೊಲಿಗೆಯನ್ನು ಹಂಚಿಕೊಂಡಿದ್ದಾರೆ. ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ಈ ವಿದ್ಯೆಗೆ ಶಾಲೆಯಿಲ್ಲ. ಅಜ್ಜಿಯ ಮಗ್ಗುಲೇ ಶಾಲೆ. ಯಾವ ಬಟ್ಟೆ ತಾಳುತ್ತದೆ, ಯಾವುದು ಬೇಗ ಜೂಲಾಗುತ್ತದೆ, ಯಾವ ಬಣ್ಣದ ಪಕ್ಕ ಯಾವುದು ಕೂರಬೇಕು ಎಂಬುದನ್ನು ಕಣ್ಣು ಮತ್ತು ಕೈ ಒಟ್ಟಿಗೆ ಕಲಿಯಬೇಕು. ಕೂಲಿ ಹುಡುಕಿ ಕುಟುಂಬ ಪಟ್ಟಣ ಸೇರಿದರೆ ಆ ಮಗ್ಗುಲು ಬರಿದಾಗುತ್ತದೆ. ಆದ್ದರಿಂದ ಕೌದಿಯ ಪ್ರಶ್ನೆ ಕರಕುಶಲ ಕಲೆಯ ಪ್ರಶ್ನೆಯಷ್ಟೇ ಅಲ್ಲ, ನೆಲದ ಪ್ರಶ್ನೆಯೂ ಹೌದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಉಳುವ ಭೂಮಿಯ ಹಕ್ಕು ಗಟ್ಟಿಯಾದ ಮನೆಗೆ ಊರಲ್ಲಿ ಉಳಿಯಲು ಒಂದು ಕಾರಣವಿರುತ್ತದೆ. ಮನೆ ಉಳಿದರೆ ಸೂಜಿಯೂ ಉಳಿದೀತು.

ಇನ್ನೊಂದು ಅಪಾಯ ಮೆಚ್ಚುಗೆಯ ವೇಷದಲ್ಲಿ ಬರುತ್ತದೆ. ನಗರದ ಕೊಳ್ಳುಗರು ಒಂದೇ ಅಳತೆ, ನೇರ ಗೆರೆ, ಹೊಸ ಬಟ್ಟೆ ಕೇಳತೊಡಗಿದರೆ, ಹೊಸದನ್ನು ಕೊಂಡು ಕತ್ತರಿಸಿ ಹೊಲಿಯಬೇಕಾಗುತ್ತದೆ. ಎಸೆಯುವುದನ್ನೇ ಹೊದಿಕೆಯಾಗಿಸುವ ಕಲೆಯ ತಿರುಳು ಅಲ್ಲಿಗೆ ಮುಗಿಯಿತು. ಹಾಗೆಂದು ಮಾರುಕಟ್ಟೆಯನ್ನೇ ಧಿಕ್ಕರಿಸಿದರೆ ಹೊಲಿಯುವವರ ಹೊಟ್ಟೆ ತುಂಬದು. ಬಿಳಿ ಬಟ್ಟೆಯ ಮೇಲೆ ಕೆಂಪು, ಕಪ್ಪು ದಾರದಲ್ಲಿ ಮೂಡುವ ನೀಲಗಿರಿಯ ತೋಡರ ಕಸೂತಿಗೆ 2013ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಅಂಥ ಗುರುತು ಹೆಸರನ್ನು ಕಾಯಬಲ್ಲದು. ಮಗುವಿನ ಕೈಗೆ ಸೂಜಿ ಕೊಡುವ ಕೆಲಸ ಮಾತ್ರ ಮನೆಯದು, ಊರಿನದು.

ಹಾಗಾದರೆ ಆಗಬೇಕಾದುದೇನು? ಬೆಲೆಯನ್ನು ಉದ್ದಗಲದ ಲೆಕ್ಕದಲ್ಲಿ ಅಲ್ಲ, ಹೊಲಿದ ದಿನಗಳ ಲೆಕ್ಕದಲ್ಲಿ ಕಟ್ಟಬೇಕು. ಬಣ್ಣ, ವಿನ್ಯಾಸದ ನಿರ್ಧಾರ ಹೊಲಿಯುವವರದೇ ಆಗಿರಬೇಕು. ಮಲೆನಾಡಿನ ಶಾಲೆಗಳು ವಾರಕ್ಕೊಂದು ಅವಧಿಯನ್ನಾದರೂ ಊರಿನ ಹಿರಿಯ ಮಹಿಳೆಯರಿಗೆ ಬಿಟ್ಟುಕೊಟ್ಟು, ಅದಕ್ಕೆ ಗೌರವಧನವನ್ನೂ ನೀಡಬೇಕು. ವಿದ್ಯಾರ್ಥಿಗಳು ತಮ್ಮ ಮನೆಯ ಹಳೆಯ ಕೌದಿಯನ್ನು ಬಿಡಿಸಿ ನೋಡಲಿ: ಯಾವ ತುಂಡು ಯಾರ ಅಂಗಿ, ಯಾವುದು ಯಾರ ಸೀರೆ ಎಂದು ಹೇಳಬಲ್ಲವರು ಇರುವಾಗಲೇ ಕೇಳಿ ತಿಳಿಯಲಿ.