ಸರಕು ಗಾಡಿಯ ಪರವಾಗಿ ಎರಡು ಮಾತು

ಹೊರನಾಡ ಕನ್ನಡಿಗರ ಸಮ್ಮೇಳನಗಳ ವಸ್ತುಪ್ರದರ್ಶನಕ್ಕೆ ಕಾಲಿಟ್ಟವರಿಗೆ ಕಾಣಸಿಗುವ ದೃಶ್ಯ ಬಹುಮಟ್ಟಿಗೆ ಒಂದೇ. ಥರ್ಮೋಕೋಲಿನಲ್ಲಿ ಕೊರೆದ ಹಂಪೆಯ ಕಲ್ಲಿನ ರಥ, ಪುಟ್ಟ ದೀಪಗಳಿಂದ ಬೆಳಗುವ ಮೈಸೂರು ಅರಮನೆ, ಯಕ್ಷಗಾನದ ಕಿರೀಟ, ಬಿದರಿಯ ಹೂದಾನಿ. ಇವು ನಮ್ಮ ಹೆಮ್ಮೆಯ ಕುರುಹುಗಳೇ ಸರಿ. ಅವನ್ನು ಕಟ್ಟಿದ ಕೈಗಳಿಗೆ ನನ್ನ ನಮಸ್ಕಾರಗಳು ಸಲ್ಲುತ್ತವೆ. ಆದರೆ ಈ ಸಾಲಿನಲ್ಲಿ ಒಂದು ಮಾದರಿ ರೈಲುಮಾರ್ಗಕ್ಕೂ, ಅದರಲ್ಲಿಯೂ ಧೂಳು ಹಿಡಿದ ಗೂಡ್ಸ್ ಗಾಡಿಗೂ ಸ್ಥಾನ ದೊರೆಯಬೇಕೆಂಬುದು ನನ್ನ ವಾದ. ಗೃಹಿಣಿಯೊಬ್ಬಳಿಗೆ ವ್ಯಾಗನ್ನುಗಳ ಉಸಾಬರಿ ಏಕೆಂದು ಹುಬ್ಬೇರಿಸುವವರು ದಯಮಾಡಿ ಮುಂದೆ ಓದಬೇಕು.

ನಾವಿರುವ ಒಮಾನ್ ದೇಶದಲ್ಲಿ ಇದುವರೆಗೆ ಜನರನ್ನು ಊರಿನಿಂದ ಊರಿಗೆ ಕರೆದೊಯ್ಯುವ ರೈಲು ಇಲ್ಲ. ಸೊಹಾರ್ ಬಂದರನ್ನು ಅಬುಧಾಬಿಗೆ ಜೋಡಿಸುವ ಮಾರ್ಗಕ್ಕೆ 2022ರಲ್ಲಿ ಒಪ್ಪಂದವಾಯಿತು. ಹಫೀತ್ ರೈಲ್ ಎಂಬ ಹೆಸರಿನಲ್ಲಿ ಅದರ ಕೆಲಸ ಈಗ ನಡೆದಿದೆ. ಹಾಗಾಗಿ ಮಸ್ಕತ್ತಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ರೈಲೆಂದರೆ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ಕಾಣುವ ವಸ್ತು, ಇಲ್ಲವೇ ಹುಟ್ಟುಹಬ್ಬಕ್ಕೆ ಪೆಟ್ಟಿಗೆಯಲ್ಲಿ ಬರುವ ಆಟಿಕೆ. ಆ ಪೆಟ್ಟಿಗೆಯೊಳಗೆ ಇರುವುದಾದರೂ ಏನು? ಹಿಮ ಮುಚ್ಚಿದ ಇಳಿಜಾರು ಮಾಡಿನ ಮನೆಗಳು, ಜರ್ಮನಿಯದೋ ಇಂಗ್ಲೆಂಡಿನದೋ ನಿಲ್ದಾಣ, ಮಿರಿಮಿರಿ ಮಿಂಚುವ ಎಂಜಿನ್. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು, ಒಳಗೆ ಹಾಲಿನ ನಡುವೆ ಹಿಮಪಾತ! ಮಕ್ಕಳಿಗೆ ಒಂದು ವಾರ ಸಂಭ್ರಮ. ಆಮೇಲೆ ಎಂಜಿನ್ ಒಂದೇ ವೃತ್ತದಲ್ಲಿ ಸುತ್ತುವುದನ್ನು ನೋಡಿ ನೋಡಿ ಬೇಸರ.

ರೂವಿಯ ನಮ್ಮ ಫ್ಲ್ಯಾಟಿನಲ್ಲಿಯೂ ಅಂತಹುದೊಂದು ಪೆಟ್ಟಿಗೆಯಿತ್ತು. ನಮ್ಮ ಯಜಮಾನರು ಪುತ್ತೂರಿನ ಕಡೆಯವರು. ಹಿಮದ ಮನೆಗಳನ್ನು ಕಿತ್ತು, ಸುಬ್ರಹ್ಮಣ್ಯ ರಸ್ತೆಯಿಂದ ಸಕಲೇಶಪುರದ ವರೆಗಿನ ಘಟ್ಟದ ಮಾರ್ಗವನ್ನೇ ಕಟ್ಟೋಣವೆಂಬ ಯೋಚನೆ ಅವರದು. ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿರುವ ಮಾರ್ಗವದು. ನಮ್ಮ ಬಳಗದ ನಾಲ್ಕೈದು ಮನೆಗಳ ಮಕ್ಕಳು ಪ್ರತಿ ವಾರದ ರಜೆಯಲ್ಲಿ ಬಂದು ಸೇರಿಕೊಂಡರು. ನನ್ನ ಪಾಲಿಗೆ ಬಂದುದು ವ್ಯಾಗನ್ನುಗಳು.

ಈ ಕೆಲಸದಲ್ಲಿ ನನ್ನನ್ನು ಮೊದಲು ಬೆರಗುಗೊಳಿಸಿದ್ದು ಗಣಿತ. ಎಚ್‌ಓ ಎಂಬ ಪ್ರಮಾಣದಲ್ಲಿ ಎಲ್ಲವೂ ಮೂಲದ 87ರಲ್ಲಿ ಒಂದು ಪಾಲು. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1,676 ಮಿಲಿಮೀಟರು. ಭಾಗಿಸಿದರೆ 19 ಮಿಲಿಮೀಟರಿಗೆ ತುಸು ಹೆಚ್ಚು. ಅಂಗಡಿಯಲ್ಲಿ ಸಿಗುವ ಹಳಿ 16.5 ಮಿಲಿಮೀಟರಿನದು, ಏಕೆಂದರೆ ಅದು ಯೂರೋಪಿನ ಅಳತೆ. ಈ ಸುಮಾರು ಮೂರು ಮಿಲಿಮೀಟರಿನ ಕೊರತೆಯನ್ನು ನಾವು ಒಪ್ಪಿಕೊಂಡೆವು. ಒಪ್ಪದೆ ಹಳಿಯನ್ನು ಕೈಯಾರೆ ಕಟ್ಟುವ ನಿಷ್ಠಾವಂತರೂ ಇದ್ದಾರೆ, ಅವರ ತಾಳ್ಮೆ ದೊಡ್ಡದು. ತಿರುವಿನ ವಿಷಯದಲ್ಲಿಯೂ ರಾಜಿ ಅನಿವಾರ್ಯ. ಬ್ರಾಡ್‌ಗೇಜಿನಲ್ಲಿ ಅನುಮತಿಯಿರುವ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರು. ಅದು ಮಾದರಿಯಲ್ಲಿ ಎರಡು ಮೀಟರು. ಒಂದು ಪೂರ್ತಿ ತಿರುವಿಗೇ ನಾಲ್ಕು ಮೀಟರು ಅಗಲದ ಕೋಣೆ ಬೇಕಾದೀತು! ಆದರೆ ಏರು ಮಾತ್ರ ರಾಜಿ ಕೇಳುವುದಿಲ್ಲ. ಘಟ್ಟದ ಏರು 50ಕ್ಕೆ 1. ಮಾದರಿಯಲ್ಲಿಯೂ 50ಕ್ಕೆ 1 ಎಂದೇ ಇಡಬಹುದು. ಒಂದು ಮೀಟರು ಹಳಿಗೆ ಎರಡು ಸೆಂಟಿಮೀಟರು ಎತ್ತರ. ಅಷ್ಟು ಅಲ್ಪವೆನಿಸುವ ಏರಿನಲ್ಲಿ ಒಂಬತ್ತು ವ್ಯಾಗನ್ ಎಳೆಯಲಾರದೆ ಪುಟ್ಟ ಎಂಜಿನ್ನಿನ ಚಕ್ರ ಜಾರತೊಡಗಿದಾಗ, ನಿಜವಾದ ಘಟ್ಟದಲ್ಲಿ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಏಕೆ ಬೇಕೆಂಬುದನ್ನು ಯಾರೂ ಮಕ್ಕಳಿಗೆ ಬೋಧಿಸಬೇಕಾಗಲಿಲ್ಲ.

ಇನ್ನು ವ್ಯಾಗನ್ನುಗಳು. ಅದಿರು, ಕಲ್ಲಿದ್ದಲು ಹೊರುವ ತೆರೆದ ಡಬ್ಬಿಗೆ ರೈಲ್ವೆಯವರ ಭಾಷೆಯಲ್ಲಿ ಬಾಕ್ಸ್‌ಎನ್ ಎಂದು ಹೆಸರು. ಅದರ ಉದ್ದ 10.7 ಮೀಟರು, ನಮ್ಮ ಮೇಜಿನ ಮೇಲೆ ಹನ್ನೆರಡು ಸೆಂಟಿಮೀಟರಿಗೆ ತುಸು ಹೆಚ್ಚು. ಐವತ್ತೆಂಟು ವ್ಯಾಗನ್ನುಗಳ ಪೂರ್ಣ ಗಾಡಿಯನ್ನು ಜೋಡಿಸಿದರೆ ಏಳು ಮೀಟರು ಮೀರುವುದರಿಂದ ನಾವು ಒಂಬತ್ತಕ್ಕೇ ತೃಪ್ತರು. ಇವು ಅಂಗಡಿಯ ಸರಕಲ್ಲ. ಪಕ್ಕದ ಗೋಡೆಗಳಿಗೆ ನಾನು ಬಳಸಿದ್ದು ಮದುವೆಯ ಕರೆಯೋಲೆಗಳ ಗಟ್ಟಿ ರಟ್ಟು. ಪ್ರತಿ ವರ್ಷ ಊರಿನಿಂದ ಬರುವ ಆ ರಟ್ಟುಗಳನ್ನು ಎಸೆಯಲಾರದೆ ಇಟ್ಟುಕೊಂಡವರಿಗೆ ಈ ಉಪಯೋಗವನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಗೋಡೆಯ ಹೊರಮೈಯ ಉದ್ದುದ್ದ ಪಟ್ಟಿಗಳು, ಬಾಗಿಲಿನ ಕೀಲುಗಳು, ಕೈಬ್ರೇಕಿನ ಚಕ್ರ, ಅಡಿಯಲ್ಲಿ ಹಾಯುವ ಗಾಳಿಬ್ರೇಕಿನ ಕೊಳವೆ. ಕೊಳವೆಗೆ ತೆಳು ತಾಮ್ರದ ತಂತಿ ಸಾಕು. ರಟ್ಟಿನ ವ್ಯಾಗನ್ ಹಗುರವಾಗಿ ಹಳಿ ತಪ್ಪುತ್ತದೆ. ಈ ಉದ್ದದ ವ್ಯಾಗನ್ ಸುಮಾರು ತೊಂಬತ್ತೇಳು ಗ್ರಾಂ ತೂಗಬೇಕೆಂದು ಅಮೆರಿಕದ ಹವ್ಯಾಸಿಗಳ ಲೆಕ್ಕ. ಆ ಭಾರಕ್ಕೆ ತಳದಲ್ಲಿ ಬೈಸಾ ನಾಣ್ಯಗಳನ್ನು ಅಂಟಿಸಿದೆವು. ನಮ್ಮ ಪೈಸೆಯ ದಾಯಾದಿ ಆ ಬೈಸಾ; 1970ರ ವರೆಗೆ ಈ ದೇಶದಲ್ಲಿ ರೂಪಾಯಿಯೇ ಚಲಾವಣೆಯಲ್ಲಿತ್ತೆಂಬುದು ಎಷ್ಟು ಮಂದಿಗೆ ನೆನಪಿದೆ?

ಅದಿರಿನ ಬಣ್ಣಕ್ಕೆ ಶರ್ಕಿಯಾ ಮರಳುಗಾಡಿನ ಕೆಂಪು ಮರಳನ್ನು ತಂದು, ಕಂದು ಬಣ್ಣ ಬೆರೆಸಿದೆವು. ಮರಳನ್ನು ಬಳಸುವ ಮುನ್ನ ಆಯಸ್ಕಾಂತ ಆಡಿಸಿ ನೋಡುವುದು ಕ್ಷೇಮ. ಕಬ್ಬಿಣದ ಕಣವಿದ್ದರೆ ಎಂಜಿನ್ನಿನ ಮೋಟಾರನ್ನು ಸೇರಿ ಕೆಡಿಸುತ್ತದೆ. ಕಲ್ಲಿದ್ದಲಿಗೆ ಚಹಾ ಪುಡಿ ಸಾಕೆಂದು ಕೆಲವರ ಸಲಹೆ. ಅಡುಗೆಮನೆಯ ಅನುಭವವುಳ್ಳ ಯಾರೂ ಇದನ್ನು ಒಪ್ಪಲಾರರು, ಇರುವೆಗಳ ಮೆರವಣಿಗೆ ಗಾಡಿಗಿಂತ ಉದ್ದವಾದೀತು. ರಜೆಗೆ ಊರಿಗೆ ಹೋಗುವಾಗ ಎ.ಸಿ. ಆರಿಸಿ ಹೋಗುವ ಮನೆಗಳಲ್ಲಿ ಹಳಿಗಳ ನಡುವೆ ಸಂದು ಬಿಡಲೇಬೇಕು. ಆರು ಮೀಟರು ಹಳಿ ಇಪ್ಪತ್ತು ಡಿಗ್ರಿ ಹೆಚ್ಚಿನ ಕಾವಿಗೆ ಎರಡು ಮಿಲಿಮೀಟರಿನಷ್ಟು ಹಿಗ್ಗಿ ಹಾವಿನಂತೆ ಡೊಂಕಾಗುತ್ತದೆ.

ಇಷ್ಟೆಲ್ಲ ಹೇಳಿದ್ದು ಕೈಚಳಕ ಮೆರೆಯಲೆಂದಲ್ಲ. ಒಂದು ಪ್ರಯಾಣಿಕರ ಗಾಡಿಯನ್ನು ಕಟ್ಟಲು ಚೆಂದ ಗೊತ್ತಿದ್ದರೆ ಸಾಕು. ಗೂಡ್ಸ್ ಗಾಡಿ ಕಟ್ಟಬೇಕಾದರೆ ನಾಡು ಗೊತ್ತಿರಬೇಕು. ಇದೇ ನನ್ನ ಮುಖ್ಯ ಮಾತು. ಮಕ್ಕಳಿಗೆ ದುಂಡಗೆ ಹೊಳೆಯುವ ಪೆಟ್ರೋಲ್ ಟ್ಯಾಂಕರ್ ವ್ಯಾಗನ್ನುಗಳ ಮೇಲೆ ಆಸೆ. ಆದರೆ ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ 2003ರಲ್ಲಿಯೇ ಕೊಳವೆ ಮಾರ್ಗ ಬಂದಿದೆ. ತೈಲ ಘಟ್ಟ ಹತ್ತುವುದು ನೆಲದಡಿಯಲ್ಲಿ. ಅಡಿಕೆಯ ಮೂಟೆ ತುಂಬೋಣವೆಂದರೆ ಅಡಿಕೆ ಹೆಚ್ಚಾಗಿ ಹೋಗುವುದು ಲಾರಿಯಲ್ಲಿ. ಹಾಗಾದರೆ ಘಟ್ಟದಲ್ಲಿ ಇಳಿಯುತ್ತಿದ್ದುದು ಏನು?

ಹಳೆಯ ಮೀಟರ್‌ಗೇಜ್ ಮಾರ್ಗ 1979ರಲ್ಲಿ ತೆರೆಯಿತು, 1996ರಲ್ಲಿ ಗೇಜ್ ಪರಿವರ್ತನೆಗೆಂದು ಮುಚ್ಚಿತು. ಹತ್ತು ವರ್ಷಗಳ ಬಳಿಕ, 2006ರಲ್ಲಿ ಬ್ರಾಡ್‌ಗೇಜಿನ ಮೇಲೆ ಮೊದಲು ಓಡಿದ್ದು ಸರಕು ಗಾಡಿಗಳು; ಜನರು ಅದರಲ್ಲಿ ಕುಳಿತದ್ದು 2007ರ ಕೊನೆಗೆ. ಆ ಸರಕಿನಲ್ಲಿ ದೊಡ್ಡ ಪಾಲು ಬಳ್ಳಾರಿ, ಹೊಸಪೇಟೆ, ಸಂಡೂರುಗಳ ಕಬ್ಬಿಣದ ಅದಿರು, ಪಣಂಬೂರಿನ ಬಂದರಿನಿಂದ ಹಡಗು ಹತ್ತಲು. 2010ರಲ್ಲಿ ರಾಜ್ಯ ಸರ್ಕಾರ ರಫ್ತನ್ನು ನಿಷೇಧಿಸಿತು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಯಿತು. ಅದೇ ವರ್ಷ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಹೊರಬಂತು. ಆದುದರಿಂದ ನಮ್ಮ ಮೇಜಿನ ಮೇಲಿನ ವರ್ಷ 2009 ಎಂದು ನಿಗದಿಯಾಯಿತು. ಆ ನಿರ್ಧಾರಕ್ಕಾಗಿ ಹದಿನಾಲ್ಕರ ಹುಡುಗಿಯೊಬ್ಬಳು ಗಣಿಯ ಕಥೆಯನ್ನೆಲ್ಲ ಓದಿ ಬಂದು, "ಆಂಟಿ, ಹಂಪಿ ಇರೋದೂ ಹೊಸಪೇಟೆ ಹತ್ತಿರಾನೇ ಅಲ್ವಾ?" ಎಂದು ಕೇಳಿದಳು. ಹೌದಮ್ಮ, ಅಲ್ಲಿಯೇ. ಕಲ್ಲಿನ ರಥವೂ ಅದಿರಿನ ವ್ಯಾಗನ್ನೂ ಒಂದೇ ಸೀಮೆಯವು. ನಾವು ಪ್ರದರ್ಶನಕ್ಕೆ ಇಡುತ್ತ ಬಂದಿರುವುದು ಒಂದನ್ನು ಮಾತ್ರ. ತಾಯ್ನಾಡನ್ನು ಪೂಜೆಯ ಪಟದಂತೆ ಮಕ್ಕಳ ಮುಂದೆ ಹಿಡಿದರೆ ಅವರು ಕೈಮುಗಿದು ಆಚೆ ಹೋಗುತ್ತಾರೆ. ಪ್ರಶ್ನೆ ಕೇಳುವಂತೆ ಹಿಡಿದರೆ ಹತ್ತಿರ ಬರುತ್ತಾರೆ. ನಾನು ಕಂಡದ್ದು ಇಷ್ಟು.

ಅಕ್ಷರದ ಬಗೆಗೂ ನಮ್ಮಲ್ಲಿ ಒಂದು ಜಗಳ ನಡೆಯಿತು. ವ್ಯಾಗನ್ನುಗಳ ಮೇಲೆಲ್ಲ ಕನ್ನಡದಲ್ಲಿಯೇ ಬರೆಯೋಣವೆಂದು ಅಭಿಮಾನಿ ಮಿತ್ರರೊಬ್ಬರ ಒತ್ತಾಯ. ನಾನು ಒಪ್ಪಲಿಲ್ಲ. ಭಾರತೀಯ ರೈಲ್ವೆಯ ವ್ಯಾಗನ್ನಿನ ಮೇಲೆ ಇರುವುದು ಹಿಂದಿ, ಇಂಗ್ಲಿಷು ಮತ್ತು ಹನ್ನೊಂದು ಅಂಕಿಗಳ ಸಂಖ್ಯೆ. ಆ ಅಂಕಿಗಳಲ್ಲಿ ವ್ಯಾಗನ್ನಿನ ಜಾತಿ, ಒಡೆತನದ ವಲಯ, ತಯಾರಾದ ವರ್ಷ, ಕ್ರಮಸಂಖ್ಯೆ ಎಲ್ಲ ಅಡಗಿದ್ದು, ಕೊನೆಯದು ಬರೆಯುವಾಗಿನ ತಪ್ಪನ್ನು ಹಿಡಿಯಲೆಂದೇ ಇರುವ ಅಂಕಿ. ಇಲ್ಲದ ಕನ್ನಡವನ್ನು ಅಲ್ಲಿ ಬಳಿದರೆ ಅದು ಭಾಷಾಪ್ರೇಮವಲ್ಲ, ಬರಿಯ ಬಣ್ಣ. ಕನ್ನಡಕ್ಕೆ ಅಲ್ಲಿ ತನ್ನದೇ ಜಾಗವಿದೆ. ಹಳದಿ ಹಲಗೆಯ ಮೇಲೆ ಮೊದಲ ಸಾಲಿನಲ್ಲಿ ಕಪ್ಪಕ್ಷರದ ಸಿರಿಬಾಗಿಲು, ಎಡಕುಮೇರಿ, ಕಡಗರವಳ್ಳಿ, ದೋಣಿಗಲ್. ಈ ಹೆಸರುಗಳನ್ನು ನಾಲ್ಕು ಮಿಲಿಮೀಟರಿನ ಅಕ್ಷರದಲ್ಲಿ ಬರೆಯಲು ಹೋದ ಮಗುವಿಗೆ 'ಣಿ'ಗೂ 'ಗಿ'ಗೂ ಇರುವ ವ್ಯತ್ಯಾಸ ಜನ್ಮದಲ್ಲಿ ಮರೆಯದು.

ಅದಕ್ಕಿಂತಲೂ ಹೆಚ್ಚಿನ ಕೆಲಸ ಮಾಡಿದ್ದು ರವಾನೆ ಚೀಟಿಗಳು. ಯೂರೋಪಿನ ಫ್ರೆಮೊ ಎಂಬ ಹವ್ಯಾಸಿಗಳ ಸಂಘದಲ್ಲಿ ಪ್ರತಿ ವ್ಯಾಗನ್ನಿಗೂ ಒಂದು ಚೀಟಿ ಇರುತ್ತದೆ: ಎಲ್ಲಿಂದ, ಎಲ್ಲಿಗೆ, ಯಾವ ಸರಕು. ಚೀಟಿಯಲ್ಲಿದ್ದಂತೆ ಗಾಡಿ ನಡೆಸುವುದೇ ಆಟ. ನಮ್ಮ ಮನೆಯಲ್ಲಿ ಚೀಟಿ ಕನ್ನಡದಲ್ಲಿರುತ್ತದೆ. 'ಪಣಂಬೂರಿನಿಂದ ಹಾಸನಕ್ಕೆ, ರಸಗೊಬ್ಬರ, ಎರಡು ವ್ಯಾಗನ್.' ಓದಲಾರದವನ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಹಿಂದಿನ ಗಾಡಿಯವನು ಕೂಗಾಡುತ್ತಾನೆ. ವಾರಕ್ಕೊಂದು ಗಂಟೆಯ ನಮ್ಮ ಕನ್ನಡ ತರಗತಿಯಲ್ಲಿ ಕಾಗುಣಿತವನ್ನು ಬಾಯಿಪಾಠ ಒಪ್ಪಿಸಿ ಮನೆಯಲ್ಲಿ ಇಂಗ್ಲಿಷಿಗೆ ಮರಳುತ್ತಿದ್ದ ಹುಡುಗರು ಇಲ್ಲಿ ಕನ್ನಡದಲ್ಲಿ ಜಗಳವಾಡುತ್ತಾರೆ. ಎಲ್ಲರೂ ಅಲ್ಲ, ಇಬ್ಬರಿಗೆ ಇಂದಿಗೂ ಗಾಡಿಗಳನ್ನು ಡಿಕ್ಕಿ ಹೊಡೆಸುವುದರಲ್ಲೇ ಆನಂದ.

ಸಂಸ್ಕೃತಿಗೂ ಸರಕಿಗೂ ಏನು ನಂಟು ಎನ್ನುವವರಿಗೆ, ಬಿ.ಎ. ತರಗತಿಯಲ್ಲಿ ಇತಿಹಾಸ ಓದಿದವಳಾಗಿ ಒಂದು ಮಾತು. ಕರಾವಳಿಗೂ ಮಸ್ಕತ್ತಿಗೂ ಸಂಬಂಧ ಬೆಳೆದದ್ದು ನಮ್ಮ ನೌಕರಿಯ ವೀಸಾಗಳಿಂದಲ್ಲ. ಹದಿನೇಳು, ಹದಿನೆಂಟನೆಯ ಶತಮಾನಗಳಲ್ಲಿಯೇ ಬಸರೂರು, ಮಂಗಳೂರುಗಳ ಅಕ್ಕಿ ಹಡಗೇರಿ ಇಲ್ಲಿಗೆ ಬರುತ್ತಿತ್ತು. ಟಿಪ್ಪು ಸುಲ್ತಾನನ ವ್ಯಾಪಾರ ಕೋಠಿ ಮಸ್ಕತ್ತಿನಲ್ಲಿತ್ತು. ಮೊದಲು ಬಂದುದು ಅಕ್ಕಿಮೂಟೆ. ನೆರೆಯ ಎಮಿರೇಟ್ಸ್‌ನಲ್ಲಿಯೂ ಎತಿಹಾದ್ ರೈಲು 2016ರಲ್ಲಿ ಆರಂಭವಾದದ್ದು ಗಂಧಕದ ಹರಳುಗಳನ್ನು ಹೊತ್ತೇ.

ಖರ್ಚಿನ ಆಕ್ಷೇಪಣೆಗೆ ಉತ್ತರ ಸುಲಭ: ದುಬಾರಿಯಾದುದು ಎಂಜಿನ್ ಮತ್ತು ಹಳಿ, ಅದು ಬಳಗಕ್ಕೆ ಒಂದು ಸಾಕು. ಇದು ಗಂಡುಮಕ್ಕಳ ಆಟವೆಂಬ ಮಾತಿಗೆ ಉತ್ತರ ಕೊಡುವ ಗೋಜಿಗೆ ನಾನು ಹೋಗುವುದಿಲ್ಲ. ಮೂರನೆಯ ಆಕ್ಷೇಪಣೆ ಮಾತ್ರ ತೂಕದ್ದು. ಕೊಲ್ಲಿಯಲ್ಲಿ ನಾವು ಯಾರೂ ಶಾಶ್ವತರಲ್ಲ. ಹನ್ನೆರಡನೆಯ ತರಗತಿ ಮುಗಿದೊಡನೆ ಮಕ್ಕಳಲ್ಲಿ ಬಹುಪಾಲು ಊರಿನ ಕಾಲೇಜಿಗೆ ಹೊರಡುತ್ತಾರೆ. ನೌಕರಿ ಮುಗಿದರೆ ಹಿರಿಯರೂ ಗಂಟುಮೂಟೆ ಕಟ್ಟಬೇಕು. ಗೋಡೆಗೆ ಮೊಳೆ ಹೊಡೆದು ಕಟ್ಟಿದ ಘಟ್ಟವನ್ನು ಹೊತ್ತೊಯ್ಯುವುದು ಹೇಗೆ? ನಮ್ಮ ಹಿರಿಯ ಮಗ ಹೊರಟುಹೋದ ವರ್ಷ ಮಾರ್ಗವನ್ನೆಲ್ಲ ಬಿಚ್ಚಿ, 120 ಸೆಂಟಿಮೀಟರು ಉದ್ದ, 60 ಸೆಂಟಿಮೀಟರು ಅಗಲದ ಪ್ಲೈವುಡ್ ಹಲಗೆಗಳ ಮೇಲೆ ತುಂಡುತುಂಡಾಗಿ ಮತ್ತೆ ಕಟ್ಟಿದೆವು. ಪ್ರತಿ ಹಲಗೆಗೂ ಒಂದು ನಿಲ್ದಾಣ, ಎರಡು ತುದಿಗೆ ಒಂದೇ ಅಳತೆಯ ಬೋಲ್ಟಿನ ರಂಧ್ರಗಳು. ಎರಡು ಹಲಗೆ ಕಾರಿನ ಹಿಂದಿನ ಸೀಟಿನಲ್ಲಿ ಹಿಡಿಸುತ್ತವೆ.

ಸಮ್ಮೇಳನದ ಪ್ರತಿನಿಧಿಗಳಲ್ಲಿ ನನ್ನ ವಿನಂತಿ ಇಲ್ಲಿಂದಲೇ ಹುಟ್ಟಿದ್ದು. ಒಂದೊಂದು ಊರಿನ ಕನ್ನಡ ಬಳಗವೂ ಒಂದೊಂದು ಹಲಗೆಯನ್ನು ವಹಿಸಿಕೊಳ್ಳಲಿ. ಇನ್ನೆರಡು ವರ್ಷಕ್ಕೆ ಎಲ್ಲರೂ ಮತ್ತೆ ಸೇರುವಾಗ ಅವನ್ನು ಮಂಗಳೂರಿನಿಂದ ಹಾಸನದ ವರೆಗೆ ಸಾಲಾಗಿ ಜೋಡಿಸಿ, ಮಕ್ಕಳ ಕೈಬರಹದ ಚೀಟಿಗಳಂತೆ ಗಾಡಿ ಓಡಿಸೋಣ. ಅಳತೆಯ ನಕ್ಷೆಯನ್ನು ನಮ್ಮ ಯಜಮಾನರು ಬರೆದಿಟ್ಟಿದ್ದಾರೆ; ಕೇಳಿದವರಿಗೆ ಸಮ್ಮೇಳನದಲ್ಲಿಯೇ ಕೊಡುತ್ತೇವೆ. ಕಬಕ ಪುತ್ತೂರು, ಸುಬ್ರಹ್ಮಣ್ಯ ರಸ್ತೆ ಮತ್ತು ಸಿರಿಬಾಗಿಲು ಮಸ್ಕತ್ತಿನವರ ಪಾಲಿನವು, ಸಿದ್ಧವಾಗಿವೆ. ಬಂಟ್ವಾಳ, ದೋಣಿಗಲ್, ಸಕಲೇಶಪುರ, ಆಲೂರುಗಳಿಗೆ ಇನ್ನೂ ಯಾರೂ ಇಲ್ಲ. ಎಡಕುಮೇರಿಯನ್ನು ತೆಗೆದುಕೊಳ್ಳುವವರು ಸ್ವಲ್ಪ ಮುಂಚಿತವಾಗಿ ತಿಳಿಸಿದರೆ ಒಳ್ಳೆಯದು. ಅಲ್ಲಿ ಕಾಡು ಹೆಚ್ಚು, ಮರಗಳಿಗೇ ಒಂದು ವರ್ಷ ಬೇಕು.