ಒಂದೇ ಪಂಪು, ಎರಡು ಕೆಲಸ

ತೋಟದ ಸಣ್ಣ ಟ್ರಾಕ್ಟರಿಗೆ ಮಣ್ಣೆತ್ತುವ ಬಕೆಟ್ಟೂ ಸೌದೆ ಸೀಳುವ ಯಂತ್ರವೂ ಇದ್ದರೆ ಎರಡು ಹೈಡ್ರಾಲಿಕ್ ಪಂಪು ಬೇಕೇ ಎಂದು, ಊರಿನಲ್ಲಿ ತೋಟವಿರುವ ವಾಚಕರೊಬ್ಬರು ಕೇಳಿದ್ದಾರೆ. ಬೇಡವೆಂದೇ ನಮ್ಮ ಉತ್ತರ. ಆದರೆ ಸರದಿ ತಪ್ಪಬಾರದು.

ಪಂಪು ಕೊಡುವುದು ಎಣ್ಣೆಯ ಹರಿವನ್ನು. ಒತ್ತಡ ಹುಟ್ಟುವುದು ಭಾರದಿಂದ. ಎರಡು ಹಿಡಿಗಳನ್ನೂ ಒಟ್ಟಿಗೆ ಎಳೆದರೆ ಸಾಮಾನ್ಯವಾಗಿ ಎಣ್ಣೆ ಹಗುರ ಕೆಲಸದ ಕಡೆಗೇ ಓಡುತ್ತದೆ; ಭಾರದ ಕೆಲಸ ಕಾಯುತ್ತ ನಿಲ್ಲುತ್ತದೆ. ನಿಮಿಷಕ್ಕೆ 20 ಲೀಟರ್ ಎಣ್ಣೆಯನ್ನು 150 ಬಾರ್ ಒತ್ತಡದಲ್ಲಿ ತಳ್ಳಲು 5 ಕಿಲೋವಾಟ್, ಅಂದರೆ ಸುಮಾರು 7 ಅಶ್ವಶಕ್ತಿ ಬೇಕು. ಎರಡನೆಯ ಪಂಪು ಕೂಡಿಸಿದರೂ ಎಂಜಿನ್ನು ಒಂದೇ ತಾನೆ?

ಸಲಕರಣೆ ಬದಲಿಸುವಾಗ ಬಕೆಟ್ಟನ್ನು ನೆಲಕ್ಕಿಳಿಸಿ, ಎಂಜಿನ್ನು ನಿಲ್ಲಿಸಿ, ಹಿಡಿಯಾಡಿಸಿ ಒತ್ತಡ ಕಳೆಯಬೇಕು. ಕೊಳವೆಯ ಬಾಯನ್ನು ಒರೆಸಿಯೇ ಜೋಡಿಸಬೇಕು. ಧೂಳು ಪಂಪಿಗೆ ವೈರಿ. ಸೋರಿಕೆಯನ್ನು ಕೈಯಿಂದ ಹುಡುಕಲೇಬಾರದು, ರಟ್ಟಿನ ತುಂಡು ಹಿಡಿಯಬೇಕು. ಸೂಜಿಯಷ್ಟು ಸಣ್ಣ ತೂತಿನ ಎಣ್ಣೆಯೂ ಚರ್ಮವನ್ನು ತೂರಿ ಒಳಹೊಗುತ್ತದೆ. ಹಾಗಾದರೆ ನೋವಿಲ್ಲವೆಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ತಡವಾದರೆ ಬೆರಳೇ ಹೋದೀತು.

ನಾವು ದೂರದಲ್ಲಿದ್ದೇವೆ, ಯಂತ್ರ ನಡೆಸುವವರು ಊರಿನಲ್ಲಿದ್ದಾರೆ. ಪಂಪಿನ ಹಣ ಉಳಿದರೆ ಸಾಲದು, ಅವರ ಕೈಯೂ ಉಳಿಯಬೇಕು. ಈ ಮಾತನ್ನು ಇಂದೇ ಅವರಿಗೆ ತಿಳಿಸಿ.