ಮಾತ್ರೆಯೂ ಮಣ್ಣೂ

ಫೆಬ್ರುವರಿ 10 ಹಾಗೂ ಆಗಸ್ಟ್ 10ರ ಜಂತುಹುಳು ನಿವಾರಣಾ ದಿನಗಳಂದು ಅರಕೇರಿಯಂಥ ಊರುಗಳ ಶಾಲೆ, ಅಂಗನವಾಡಿಗಳ ಮಕ್ಕಳಿಗೆ ಆಲ್ಬೆಂಡಜೋಲ್ ಮಾತ್ರೆಯನ್ನು ಅಗಿಸಿ ನುಂಗಿಸುವ ಪರಿಪಾಠ ಶ್ಲಾಘ್ಯವೇ ಸರಿ. ಆದರೆ ಹುಳುವಿನ ಸುಳಿವನ್ನು ಕರುಳಿನ ಒಳಪದರದ ಟಫ್ಟ್ ಕೋಶಗಳು ಗ್ರಹಿಸಿ ಸಂಕೇತವನ್ನಿತ್ತೊಡನೆ ಲೋಳೆಯು ಧಾರಾಳವಾಗಿ ಸ್ರವಿಸಿ, ಸ್ನಾಯುಗಳು ಬಿಗಿದು, ಆ ಆಗಂತುಕನನ್ನು ಹೊರದೂಡಲು ಹವಣಿಸುವ ಸಹಜ ರಕ್ಷಣೆಯು ದಡಾರದ ನಿರೋಧದಂತೆ ಜೀವಮಾನವೆಲ್ಲ ನಿಲ್ಲುವಂಥದಲ್ಲ; ಮಾತ್ರೆಯಾದರೋ ಇದ್ದ ಹುಳುವನ್ನು ಕೊಲ್ಲಬಲ್ಲುದಲ್ಲದೆ ನಾಳಿನದನ್ನು ತಡೆಯಲಾರದು.

ಬಯಲುಶೌಚದಿಂದ ಕಲುಷಿತವಾದ ಮಣ್ಣಿನಲ್ಲಿ ಬರಿಗಾಲಿನಲ್ಲಿ ಆಡುವ ಮಗುವಿನ ಅಂಗಾಲನ್ನು ಕೊರೆದು ಕೊಕ್ಕೆಹುಳುವಿನ ಮರಿಯು ಪುನಃ ಒಳಹೊಗುವುದು. ಅಲ್ಲಿ ಎದ್ದ ತುರಿಕೆಯನ್ನು ಲಕ್ಷಿಸುವವರಾದರೂ ಯಾರು? ಆದುದರಿಂದ ಶೌಚಾಲಯಕ್ಕೆ ನೀರು, ಕಾಲಿಗೆ ಚಪ್ಪಲಿ, ಕೈಗೆ ಸಾಬೂನು ಇವನ್ನೂ ಔಷಧವೆಂದೇ ಪರಿಗಣಿಸಿ, ಆರೋಗ್ಯ ಇಲಾಖೆಯೂ ಗ್ರಾಮ ಪಂಚಾಯಿತಿಯೂ ಒಟ್ಟಾಗಿ ಹೊಣೆ ಹೊರಬೇಕೆಂಬುದು ನಮ್ಮ ಸ್ಪಷ್ಟ ಅಭಿಮತ.